ಶಾಲೆಯ ಚಾವಣಿಗೆ ಮೊದಲು ಯಾವುದು: ಮಳೆಕೊಯ್ಲೋ, ಸೌರಫಲಕವೋ?

ಮುಂಬಯಿಯ ಕನ್ನಡ ಶಾಲೆಯೊಂದರ ಆಡಳಿತ ಮಂಡಳಿಯ ಬಳಿ ಒಂದೇ ಕೆಲಸಕ್ಕಾಗುವಷ್ಟು ಹಣವಿದ್ದರೆ, ಮಳೆಕೊಯ್ಲನ್ನೇ ಮೊದಲು ಆರಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಇಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವುದರಿಂದ, 100 ಚದರ ಮೀಟರ್ ಚಾವಣಿಯಲ್ಲಿ, ವ್ಯರ್ಥವಾಗುವುದನ್ನು ಕಳೆದರೂ, ಸುಮಾರು 1.6 ಲಕ್ಷ ಲೀಟರ್ ನೀರು ಸಿಗುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಉಳಿದದ್ದನ್ನು ಜಲ್ಲಿ, ಮರಳುಗಳಲ್ಲಿ ಸೋಸಿ ತೊಟ್ಟಿಗೆ ಹರಿಸಿದರೆ, ಮಳೆಗಾಲದುದ್ದಕ್ಕೂ ಶೌಚಾಲಯಕ್ಕೆ ಕುಡಿಯುವ ನೀರನ್ನು ಸುರಿಯುವ ದುಂದು ತಪ್ಪುತ್ತದೆ; ತೊಟ್ಟಿ ತುಂಬಿ ಹೆಚ್ಚಾದದ್ದನ್ನು ಇಂಗುಗುಂಡಿಗೆ ಬಿಡಬಹುದು. ಆ ತಿಂಗಳುಗಳಲ್ಲಿ ತರಗತಿಗಳು ನಡೆಯುವುದರಿಂದ ಮಕ್ಕಳೇ ಮಳೆಯನ್ನು ಅಳೆದು ಲೆಕ್ಕವಿಡಬಹುದು, ಇದು ಸಣ್ಣ ಲಾಭವಲ್ಲ.

ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸರಾಸರಿ 4 ಯೂನಿಟ್ ವಿದ್ಯುತ್ ಕೊಟ್ಟರೂ ಮಳೆಗಾಲದಲ್ಲಿ ಕುಗ್ಗುತ್ತದೆ. ಆದರೆ ವಿದ್ಯುತ್ ಬಿಲ್ ಭಾರವಾಗಿದ್ದು, ನೆರೆಯ ಬಹುಮಹಡಿ ಕಟ್ಟಡದ ನೆರಳು ಬೀಳದ ಚಾವಣಿಯಿರುವ ಶಾಲೆಗೆ ಅದೇ ಸೂಕ್ತ. ಮೇ ರಜೆಯ ಉತ್ಪಾದನೆ ವ್ಯರ್ಥವಾಗದಂತೆ ನೆಟ್ ಮೀಟರ್ (ಹೆಚ್ಚಾದ ವಿದ್ಯುತ್ತನ್ನು ಸಾರ್ವಜನಿಕ ಜಾಲಕ್ಕೆ ಕೊಟ್ಟದ್ದನ್ನು ಅಳೆದು ಬಿಲ್‌ನಲ್ಲಿ ಹೊಂದಿಸುವ ಮೀಟರ್) ಹಾಕಿಸಿಕೊಳ್ಳಬೇಕು.