ಫೀಸ್ ಅಂದ್ರ ಬೀಜ, ಆಡಿಯಾಲಜಿ ಅಂದ್ರ ಸ್ಟುಡಿಯೋ

ವಿದೇಶಕ್ಕೆ ಓದಲು ಕಳಿಸುವ ಕಲಬುರಗಿಯ ಈ ಫಾರಿನ್ ಕನ್ಸಲ್ಟೆನ್ಸಿಗೆ ನಾನು ಕೊಡೋದು ಮೂರು ಸ್ಟಾರ್. ಎರಡೂವರೆ ಕೊಡಲಿಕ್ಕೆ ಬರಲ್ಲ, ಅದಕ್ಕೆ ಮೂರು.

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಬಿಎಎಸ್‌ಎಲ್‌ಪಿ, ಅಂದರೆ ಕಿವಿ ಮತ್ತು ಮಾತಿನ ತೊಂದರೆಗಳ ಡಿಗ್ರಿ, ಮುಗಿಸಿ ಬಂದವಳು ನಾನು. ಅಮೆರಿಕದಲ್ಲಿ ಎಯುಡಿ ಮಾಡಬೇಕು ಅಂತ ದಸರಾಕ್ಕೆ ಮುಂಚೆ ಅಪ್ಪನ ಜೊತೆ ಅಲ್ಲಿಗೆ ಹೋದೆ. ಕೌನ್ಸೆಲರ್ ನಗುನಗುತ್ತಲೇ 'ಸೌಂಡ್ ಎಂಜಿನಿಯರಿಂಗ್ ಏನ್ರೀ? ಸ್ಟುಡಿಯೋ ಲೈನ್ ಚಲೋ ಅದ' ಅಂದರು. ಅಲ್ಲ ಸರ್, ಕಿವಿ ಅಂದೆ. 'ಹಂಗಾದ್ರ ಇಎನ್‌ಟಿ, ಅದಕ್ಕ ಎಂಬಿಬಿಎಸ್ ಬೇಕು.'

ಕೊನೆಗೆ ನಾನೇ ಪಾಠ ಮಾಡಿದೆ. ಎಯುಡಿ ಅಂದರೆ ಡಾಕ್ಟರ್ ಆಫ್ ಆಡಿಯಾಲಜಿ, ಕಿವಿ ಕೇಳಿಸುವುದರ ಓದು. ಪಿಎಚ್‌ಡಿ ಹಾಗೆ ಸಂಶೋಧನೆಯ ಡಿಗ್ರಿ ಅಲ್ಲ, ಪೇಷಂಟ್ ನೋಡುವುದೇ ಇದರ ಜೀವಾಳ. ಡಿಗ್ರಿ ಆದಮೇಲೆ ಸಾಮಾನ್ಯವಾಗಿ 4 ವರ್ಷ. ಕೊನೆಯ ವರ್ಷ ಆಸ್ಪತ್ರೆಯಲ್ಲೋ ಕ್ಲಿನಿಕ್ಕಿನಲ್ಲೋ ಎಕ್ಸ್‌ಟರ್ನ್‌ಶಿಪ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವುದು. ಆಮೇಲೆ ಕೆಲಸ ಮಾಡುವ ರಾಜ್ಯದ ಲೈಸೆನ್ಸ್. ನಮ್ಮಲ್ಲಿ ಬಿಎಎಸ್‌ಎಲ್‌ಪಿ ಮುಗಿಸಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಮಾಡಿಸಿದರೆ ಕೆಲಸಕ್ಕೆ ಸೇರಬಹುದು, ಅಲ್ಲಿ ಹಾಗಲ್ಲ. ಅವರು ಎಲ್ಲ ಬರೆದುಕೊಂಡು, 'ಎರಡು ವರ್ಷದ ಎಂಎಸ್ ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್ ಹಾಕೋಣೇನ್ರೀ?' ಅಂದರು.

ನಡುವೆ ಅಪ್ಪನ ಕಡೆ ತಿರುಗಿ 'ಫೀಸ್ ಹೆಂಗ್ ಕಟ್ತೀರಿ ಕಾಕಾ?' ಅಂದರು. ಅಪ್ಪ ಗಂಭೀರವಾಗಿ, 'ಯಾವ ಬೀಜ ರೀ, ತೊಗರೀದೇನು?' ಇಪ್ಪತ್ತೆಂಟು ವರ್ಷ ದಾಲ್ ಮಿಲ್ಲಿನ ಸದ್ದಿನಲ್ಲಿ ನಿಂತ ಕಿವಿ ಅದು. ಅವರ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅನ್ನುವ ನಕ್ಷೆ, ನಾನೇ ತೆಗೆದಿದ್ದೇನೆ: 1000 ಹರ್ಟ್ಸ್‌ವರೆಗೆ ಪರವಾಗಿಲ್ಲ, 4000ಕ್ಕೆ ಬಂದಾಗ ಗೆರೆ ಬಾವಿಗೆ ಬಿದ್ದ ಹಾಗೆ ಇಳಿದಿದೆ. ಸದ್ದು ತಿಂದ ಕಿವಿಯಲ್ಲಿ ಕಾಣುವುದೇ ಈ ಗುಂಡಿ. ಫ, ಸ ಇರುವುದೆಲ್ಲ ಆ ಮೇಲಿನ ಕಂಪನಗಳಲ್ಲೇ, ಅವು ಹೋದರೆ 'ಈ' ಒಂದೇ ಉಳಿಯುತ್ತದೆ, ಮಿಕ್ಕಿದ್ದು ಊಹೆ. ಮೇಲೆ ಗರಗರ ಅನ್ನುವ ಫ್ಯಾನ್ ಬೇರೆ. ಸಾಲದ ಮಾತು ಆಡುವ ಕೋಣೆಯಲ್ಲಿ ಫ್ಯಾನ್‌ಗೆ ಒಂದಿಷ್ಟು ಎಣ್ಣೆ ಬಿಟ್ಟರೆ ಒಳ್ಳೆಯದು.

ಚಲೋ ಇದ್ದದ್ದೂ ಹೇಳಬೇಕಲ್ಲ. ಕಾಗದಪತ್ರದ ಹುಡುಗ ಬಂಗಾರ. ಮೈಸೂರು ವಿಶ್ವವಿದ್ಯಾಲಯದಿಂದ ಟ್ರಾನ್‌ಸ್ಕ್ರಿಪ್ಟ್ ತರಿಸುವುದು, ಅಂಕಪಟ್ಟಿ ಮೌಲ್ಯಮಾಪನಕ್ಕೆ ಕಳಿಸುವುದು, ಬ್ಯಾಂಕ್ ಸಾಲದ ಫೈಲು, ಯಾವುದಕ್ಕೂ ನನ್ನನ್ನು ಎರಡು ಸಲ ಓಡಾಡಿಸಲಿಲ್ಲ. ಅಪ್ಪನ ಎದುರಿಗೆ ಕೂತು, ಮುಖ ಕಾಣುವ ಹಾಗೆ ನಿಧಾನವಾಗಿ ಮಾತಾಡಿದವನೂ ಅವನೊಬ್ಬನೇ. ಯಾರೂ ಹೇಳಿಕೊಟ್ಟಿರಲಿಲ್ಲ.

ಅವರು ಬರೆದುಕೊಟ್ಟ ಎಸ್‌ಒಪಿ (ಈ ಕೋರ್ಸ್ ಯಾಕೆ ಬೇಕು ಅಂತ ಕಾಲೇಜಿಗೆ ಬರೆಯುವ ಪತ್ರ) ಮಾತ್ರ ಕೇಳಬೇಡಿ. ಮೊದಲ ಸಾಲು, 'ಬಾಲ್ಯದಿಂದಲೂ ನನಗೆ ಕಂಪ್ಯೂಟರ್ ಮೇಲೆ ಒಲವು.' ಮೂರನೇ ಪ್ಯಾರಾದಲ್ಲಿ ಇನ್ಯಾರದೋ ಹೆಸರು ಹಾಗೇ ಉಳಿದಿತ್ತು. ಹರಿದು ಹಾಕಿ ನಾನೇ ಬರೆದೆ, ದಾಲ್ ಮಿಲ್ಲಿನಿಂದ ಶುರುಮಾಡಿ.

ಬಿಇ ಮಾಡಿ ಎಂಎಸ್‌ಗೆ ಹೊರಟವರು ಧಾರಾಳವಾಗಿ ಹೋಗಿ. ಎಯುಡಿಯಂಥ ಕೋರ್ಸಿಗೆ ಕಾಲೇಜು ನೀವೇ ಹುಡುಕಿಕೊಂಡು, ಕಾಗದದ ಕೆಲಸಕ್ಕಷ್ಟೇ ರೊಕ್ಕ ಕಟ್ಟಿ. ನಾನು ಇಪ್ಪತ್ತು ಸಾವಿರ ಒಮ್ಮೆಲೇ ಕೊಟ್ಟು ಕೂತೆ. ಎಸ್‌ಒಪಿ ಬಾಬ್ತು ಐದು ಸಾವಿರ ವಾಪಸ್ ಕೇಳಿದ್ದಕ್ಕೆ 'ಶರಣಬಸಪ್ಪನ ಜಾತ್ರಿ ಮುಗೀಲಿ ತಂಗಿ' ಅಂದಿದ್ದಾರೆ. ಕೊಟ್ಟ ದಿನ ನಾಲ್ಕನೇ ಸ್ಟಾರ್ ಒತ್ತುತ್ತೇನೆ.