ಎಂಜಿನ್ ಸವೆತ ತಿಳಿಯಲು ಹಳೇ ಆಯಿಲ್ ಫಿಲ್ಟರ್ ಕತ್ತರಿಸಿ ನೋಡೋದಾ, ಆಯಿಲ್ ಲ್ಯಾಬಿಗೆ ಕಳಿಸೋದಾ?

ಖರ್ಚಿನಲ್ಲಿ ಕತ್ತರಿಸುವುದೇ ಅಗ್ಗ: ಫಿಲ್ಟರ್ ಕಟರ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ, ಲ್ಯಾಬಿಗೆ ಪ್ರತಿ ಸಲವೂ ದುಡ್ಡು. ಗರಗಸ ಮಾತ್ರ ಬೇಡ; ನಾನೊಮ್ಮೆ ಅದು ಉದುರಿಸಿದ ಲೋಹದ ಪುಡಿ ಕಂಡು ಎಂಜಿನ್ ಹೋಯಿತೆಂದು ಗಾಬರಿಬಿದ್ದಿದ್ದೆ.

ಒಳಗಿನ ಮಡಿಕೆ ಕಾಗದವನ್ನು ಹಿಂಡಿ ಬಿಡಿಸಿದರೆ ಕಣ್ಣಿಗೆ ಕಾಣುವಷ್ಟು ದೊಡ್ಡ ಚೂರುಗಳು ಸಿಗುತ್ತವೆ. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ. ಅಂಟದೆ ಹೊಳೆದರೆ ಅಲ್ಯೂಮಿನಿಯಂ, ಇಲ್ಲವೇ ಬೇರಿಂಗಿನ ಲೋಹವಿರಬಹುದು. ನನಗೆ ಇದೇ ಹೆಚ್ಚು ಭಯ. ಕಾಗದ ಹರಿದಿದೆಯೇ, ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಗಟ್ಟಿಯಾಗಿದೆಯೇ ಎಂಬುದನ್ನು ಲ್ಯಾಬ್ ಹೇಳದು. ಅದು ಹಿಡಿಯುವುದು ಕಣ್ಣಿಗೆ ಕಾಣದ ಸಣ್ಣ ಲೋಹದ ಕಣ, ಇಂಧನದ ಬೆರಕೆ, ಕೂಲೆಂಟ್ ಸೋರಿಕೆ.

ಎಂಜಿನ್ ಸದ್ದು ಬದಲಾಗಿದ್ದರೆ ಅಥವಾ ಹೊಸ ಬ್ರ್ಯಾಂಡಿನ ಫಿಲ್ಟರ್ ಪರೀಕ್ಷಿಸುತ್ತಿದ್ದರೆ ಕತ್ತರಿಸಿ. ಚೆನ್ನಾಗಿಯೇ ಓಡುತ್ತಿರುವ ಗಾಡಿಯ ಸವೆತವನ್ನು ಸರ್ವೀಸಿನಿಂದ ಸರ್ವೀಸಿಗೆ ಹೋಲಿಸಬೇಕೆಂದರೆ ಲ್ಯಾಬ್.