ಮೂರು ವರ್ಷ ಬಳಸಿದ ವೈನ್ ಕಿಟ್: ಬಕೆಟ್ ಹೋಯಿತು, ಹೈಡ್ರೋಮೀಟರ್ ಉಳಿಯಿತು

ನಮ್ಮ ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ಕೊಯ್ಲು ಶುರುವಾದರೆ ಮಾವನ ತೋಟದಿಂದ ಒಂದು ಕ್ರೇಟ್ ದ್ರಾಕ್ಷಿ ಮನೆಗೆ ಬಂದೇ ಬರುತ್ತೆ. ತಿಂದು, ಜ್ಯೂಸ್ ಮಾಡಿ, ಅಕ್ಕಪಕ್ಕದವರಿಗೆ ಹಂಚಿದರೂ ಮುಗಿಯಲ್ಲ. ವೈನ್ ಮಾಡಿ ನೋಡೋಣ ಅಂತ ಮೂರು ವರ್ಷದ ಹಿಂದೆ ಆನ್‌ಲೈನಲ್ಲಿ ಈ ಕಿಟ್ ತರಿಸಿದೆ. 15 ಲೀಟರಿನ ಮುಚ್ಚಳದ ಬಕೆಟ್, ಏರ್‌ಲಾಕ್ (ಒಳಗಿನ ಗ್ಯಾಸ್ ನೀರಿನ ಮೂಲಕ ಹೊರಗೆ ಬಿಟ್ಟು ಹೊರಗಿನ ಗಾಳಿ ಒಳಗೆ ಬಿಡದ ಬಿರಡೆ), ಹೈಡ್ರೋಮೀಟರ್ (ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ತೋರಿಸೋ ಗಾಜಿನ ಕಡ್ಡಿ), ಸೈಫನ್ ಪೈಪು, 5 ಗ್ರಾಂನ ಎರಡು ಯೀಸ್ಟ್ ಪ್ಯಾಕೆಟ್. ಇಲ್ಲಿವರೆಗೆ ಐದು ಸಲ ಮಾಡಿದ್ದೀನಿ.

ಮೊದಲನೇ ಸಲ ಹೈಡ್ರೋಮೀಟರನ್ನು ಡಬ್ಬದಿಂದ ಹೊರಗೇ ತೆಗೆದಿರಲಿಲ್ಲ. ಪರಿಚಯದವರು ಹೇಳಿಕೊಟ್ಟ ಲೆಕ್ಕ: ಕೆಜಿ ಹಣ್ಣಿಗೆ ಅರ್ಧ ಕೆಜಿ ಸಕ್ಕರೆ, ಒಂದು ಹಿಡಿ ಗೋಧಿ. ಏರ್‌ಲಾಕಲ್ಲಿ ಗುಳ್ಳೆ ನಿಂತ ದಿನವೇ ಬಾಟಲಿಗೆ ತುಂಬಿ ಬಿರಡೆ ಬಿಗಿದೆ. ಏಪ್ರಿಲ್ ಸೆಕೆಯ ಒಂದು ರಾತ್ರಿ ಅಟ್ಟದ ಮೇಲೆ ಢಮ್ ಅಂತ ಸದ್ದು. ಹತ್ತಿ ನೋಡಿದರೆ ಎರಡು ಬಾಟಲಿ ಒಡೆದಿವೆ, ಗೋಡೆಗೆಲ್ಲ ನೇರಳೆ ಕಲೆ, ಅಕ್ಕಿ ಮೂಟೆ ಮೇಲೆ ಗಾಜಿನ ಚೂರು. ಮಕ್ಕಳು ಹಗಲು ಹೊತ್ತು ಆಡೋ ಜಾಗ ಅದು. ಆ ಭಯ ಇನ್ನೂ ಹೋಗಿಲ್ಲ. ಯೀಸ್ಟ್ ಸತ್ತಿರಲಿಲ್ಲ, ಸುಮ್ಮನೆ ನಿಂತಿತ್ತು ಅಷ್ಟೆ. ಬಿಸಿ ಏರಿದ ಹಾಗೆ ಮತ್ತೆ ಎದ್ದು ಉಳಿದ ಸಕ್ಕರೆ ತಿಂದಿದೆ, ಗ್ಯಾಸ್ ಹೊರಗೆ ಹೋಗೋಕೆ ದಾರಿ ಇಲ್ಲ.

ಎರಡನೇ ವರ್ಷ ಆ ಗಾಜಿನ ಕಡ್ಡಿಯನ್ನು ರಸದಲ್ಲಿ ತೇಲಿಬಿಟ್ಟೆ. ಸಕ್ಕರೆ ಹೆಚ್ಚಿದ್ದರೆ ಕಡ್ಡಿ ಮೇಲೆ ನಿಲ್ಲುತ್ತೆ, ಸಕ್ಕರೆ ಆಲ್ಕೋಹಾಲ್ ಆಗ್ತಾ ಹೋದ ಹಾಗೆ ಕೆಳಗಿಳಿಯುತ್ತೆ. ಬರೀ ನೀರಲ್ಲಿ ಅದು 1.000 ತೋರಿಸುತ್ತೆ, ನಮ್ಮ ಹಣ್ಣಿನ ರಸ 1.070 ತೋರಿಸಿತು. ಶೇ 12ರ ಆಸುಪಾಸು ಆಲ್ಕೋಹಾಲ್ ಇರೋ ವೈನ್‌ಗೆ 1.088 ಇದ್ದರೆ ಸಾಕು. 10 ಕೆಜಿ ಹಣ್ಣಿನ ಆರೂವರೆ ಲೀಟರ್ ರಸಕ್ಕೆ ಬೇಕಾದ ಸಕ್ಕರೆ ಬರೀ 300 ಗ್ರಾಂ. ಹಿಂದಿನ ವರ್ಷ ಅಷ್ಟೇ ಹಣ್ಣಿಗೆ 5 ಕೆಜಿ ಸುರಿದಿದ್ದೆ! ಆ ಸಲ ಗುಳ್ಳೆ ನಿಂತಾಗಲೂ ಕಡ್ಡಿ 1.004ರಲ್ಲಿತ್ತು. ಕಾದೆ. 0.996ಕ್ಕೆ ಇಳಿದು ಮೂರು ದಿನ ಅಲ್ಲಾಡಲಿಲ್ಲ. ಆಮೇಲೆ ಗಾಜಿನ ಜಾಡಿಗೆ ಬದಲಿಸಿ, ಎರಡು ತಿಂಗಳು ತಿಳಿಯಾಗಲು ಬಿಟ್ಟು ಬಾಟಲಿಗೆ ತುಂಬಿದೆ. ಒಂದೂ ಒಡೆಯಲಿಲ್ಲ. ಓದುವಾಗ ಕಡ್ಡಿಯನ್ನು ಒಂದು ಸುತ್ತು ತಿರುಗಿಸಿ ಬಿಡಿ, ಅಂಟಿದ ಗುಳ್ಳೆ ಉದುರದಿದ್ದರೆ ಅಂಕಿ ತಪ್ಪು ಬರುತ್ತೆ. ಅದು 20 ಡಿಗ್ರಿಗೆ ಹೊಂದಿಸಿದ್ದು, ಬೇಸಿಗೆಯಲ್ಲಿ ರಸ 30 ಡಿಗ್ರಿ ಇದ್ದರೆ ಸುಮಾರು 0.002 ಕಡಿಮೆ ತೋರಿಸುತ್ತೆ.

ಕಿಟ್‌ನ ಮಿಕ್ಕ ಸಾಮಾನಿನ ಬಗ್ಗೆ ಅಷ್ಟು ಒಳ್ಳೆ ಮಾತಿಲ್ಲ. ಮುಚ್ಚಳದ ರಬ್ಬರ್ ವಾಷರ್ ಎರಡನೇ ವರ್ಷಕ್ಕೇ ಗಟ್ಟಿಯಾಗಿ ಸಂದು ಬಿಟ್ಟಿತು. ಅಲ್ಲಿಂದ ಹಣ್ಣಿನ ನೊಣ ಒಳಗೆ ಹೋಗಿ ಮೂರನೇ ಸಲದ್ದು ಪೂರ್ತಿ ವಿನೆಗರ್ ಆಯಿತು. ಬೇರೆ ವಾಷರ್ ಕೇಳಿ ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಕೊನೆಗೆ ಪೈಪ್ ಅಂಗಡಿಯಲ್ಲಿ ಸಿಲಿಕೋನ್ ವಾಷರ್ ಸಿಕ್ಕಿತು. ಬಕೆಟ್ ಒಳಗೆ ಸೌಟಿನ ಗೀರು ಬಿದ್ದು, ಎಷ್ಟು ತೊಳೆದರೂ ವಾಸನೆ ಹೋಗದೆ ಈಗ ಅದು ಗಿಡಕ್ಕೆ ನೀರು ಹೊರೋಕೆ. ರಸ ತುಂಬಿ ಹೈಡ್ರೋಮೀಟರ್ ತೇಲಿಬಿಡೋ ಅಳತೆಯ ಟ್ಯೂಬಂತೂ ಗಿಡ್ಡ, ಕಡ್ಡಿ ತಳಕ್ಕೇ ತಾಗುತ್ತೆ. ಏರ್‌ಲಾಕ್ ಚೆನ್ನಾಗಿದೆ, ಆದರೆ ಮಾರ್ಚ್ ಬಿಸಿಲಿಗೆ ಅದರ ನೀರು ಆರುತ್ತೆ, ವಾರಕ್ಕೊಮ್ಮೆ ತುಂಬಿ. ಯೀಸ್ಟ್ ಬಗ್ಗೆ ದೂರಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಹಾಕಿದರೆ ಮಾರನೇ ದಿನವೇ ಸಿಪ್ಪೆ ಮೇಲೆದ್ದು ನೊರೆ ಕಟ್ಟುತ್ತೆ. ದಿನಕ್ಕೆ ಎರಡು ಸಲ ಆ ಸಿಪ್ಪೆಯನ್ನು ಒಳಗೆ ಅದುಮೋದು ಮರೀಬೇಡಿ.

ಡಬ್ಬದ ಮೇಲೆ ಬರೆಯದ ಇನ್ನೊಂದು ಮಾತು: ನಮ್ಮ ರಾಜ್ಯದಲ್ಲಿ ಮದ್ಯ ತಯಾರಿಕೆ ಅಬಕಾರಿ ಕಾಯ್ದೆಗೆ ಒಳಪಡುತ್ತೆ. ಶುರು ಮಾಡೋ ಮುಂಚೆ ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ರುಚಿ ಕೇಳಿದರೆ, ಸಕ್ಕರೆ ಪೂರ್ತಿ ಇಳಿದ ಬೆಂಗಳೂರು ಬ್ಲೂ ನಾಲಗೆಗೆ ಹುಳಿ ಹುಳಿ. ತೋಟದಲ್ಲಿ ಚಪ್ಪರದ ಕೆಳಗೆ ನಿಂತಾಗ ಬರೋ ಹಣ್ಣಿನ ಘಮ ಮಾತ್ರ ಲೋಟದಲ್ಲಿ ಹಾಗೇ ಇರುತ್ತೆ, ನನಗೆ ಅದೇ ಇಷ್ಟ. ಪೂರ್ತಿ ಕಿಟ್‌ಗೆ ನಾನು ಐದರಲ್ಲಿ ಮೂರು ಕೊಡ್ತೀನಿ. ಹೊಸಬರು ಹೈಡ್ರೋಮೀಟರ್, ಉದ್ದನೆ ಟ್ಯೂಬ್, ಏರ್‌ಲಾಕ್, ಯೀಸ್ಟ್ ಬಿಡಿಯಾಗಿ ತಗೊಂಡು ಒಂದು ಗಾಜಿನ ಜಾಡಿ ನೋಡಿಕೊಳ್ಳಿ.

ಈ ಸಲದ ರಸ ಈಗ 1.002ರಲ್ಲಿದೆ. ಬಾಟಲಿ ತೊಳೆದು ಬೋರಲು ಹಾಕಿದ್ದೀನಿ, ಇನ್ನೂ ತುಂಬಿಲ್ಲ.